ಹಿಂಸೆಯತ್ತ ವಾಲುವ ಹುಡುಗ ಮತ್ತು ಆತನ ಮನೆ

ಕರಾವಳಿಯ ಯಾವುದಾದರೊಂದು ಊರಿನಲ್ಲಿ ಚೂರಿ ಇರಿತವೋ, ಗುಂಪು ಹಲ್ಲೆಯೋ ನಡೆದರೆ ಮರುದಿನದ ಪತ್ರಿಕೆಯಲ್ಲಿ ನಾವು ಮೊದಲು ಹುಡುಕುವುದು ಆರೋಪಿಗಳ ಹೆಸರನ್ನು. ಹೆಸರಿನಿಂದ ಜಾತಿ ಯಾವುದು, ಧರ್ಮ ಯಾವುದು, ಪಕ್ಷ ಯಾವುದು ಎಂದು ಲೆಕ್ಕ ಹಾಕಿ ಸುಮ್ಮನಾಗುತ್ತೇವೆ. ಹೆಸರಿನ ಪಕ್ಕದಲ್ಲೇ ಅಚ್ಚಾಗಿರುವ ವಯಸ್ಸನ್ನು ಗಮನಿಸುವವರು ಕಡಿಮೆ. ಅದು ಅನೇಕ ಬಾರಿ ಇಪ್ಪತ್ತರ ಆಸುಪಾಸಿನಲ್ಲಿರುತ್ತದೆ. ಎಂದರೆ ನಾಲ್ಕೈದು ವರ್ಷಗಳ ಹಿಂದೆ ಆತ ಯಾವುದೋ ಶಾಲೆಯ ಬೆಂಚಿನ ಮೇಲೆ, ಯಾವುದೋ ಮನೆಯ ಊಟದ ಮೇಜಿನ ಮುಂದೆ ಕುಳಿತಿದ್ದ ಹುಡುಗ.

2022ರ ಜುಲೈಯಲ್ಲಿ ಹಾಗೂ 2025ರ ಮೇ ತಿಂಗಳಿನಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಕಂಡ ಕೊಲೆಗಳ ಬಳಿಕ ಪೊಲೀಸ್ ಬಂದೋಬಸ್ತು, ಗಡೀಪಾರು, ನಿಷೇಧಾಜ್ಞೆಗಳ ಕುರಿತು ಬಹಳಷ್ಟು ಚರ್ಚೆ ನಡೆಯಿತು. ಕೋಮು ಹಿಂಸೆಯನ್ನು ತಡೆಯಲೆಂದೇ ಸರಕಾರ 2025ರಲ್ಲಿ ವಿಶೇಷ ಕಾರ್ಯಪಡೆಯನ್ನೂ ರಚಿಸಿತು. ಇವೆಲ್ಲ ಬೇಕು. ಆದರೆ ಪೊಲೀಸರ ಕೈಗೆ ಹುಡುಗ ಸಿಗುವ ಹೊತ್ತಿಗೆ ಅವನ ಮನೆಯಲ್ಲಿ ಹಲವು ವರ್ಷಗಳ ಕಥೆ ನಡೆದುಹೋಗಿರುತ್ತದೆ. ಆ ಕಥೆಯ ನಡುವೆ ಯಾರಾದರೂ ಪ್ರವೇಶಿಸಿ ದಿಕ್ಕು ಬದಲಿಸಲು ಸಾಧ್ಯವೇ? ಸಾಧ್ಯವಿದ್ದರೆ ಯಾರು, ಹೇಗೆ? ಅಮೆರಿಕ ಮತ್ತು ಇಂಗ್ಲೆಂಡಿನಲ್ಲಿ ಅರ್ಧ ಶತಮಾನದಿಂದ ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ನಡೆದಿದೆ. ಅದನ್ನು ಕುಟುಂಬ ಚಿಕಿತ್ಸೆ ಎನ್ನುತ್ತಾರೆ. ಅಲ್ಲಿಯ ಅನುಭವದಿಂದ ನಮ್ಮ ಧರ್ಮಕೇಂದ್ರಗಳು ಕಲಿಯಬೇಕಾದ ಎರಡು ಪಾಠಗಳಿವೆ. ಒಂದು ಭರವಸೆ ಕೊಡುವ ಪಾಠ, ಮತ್ತೊಂದು ಎಚ್ಚರಿಸುವ ಪಾಠ.

ಮನೆಯಲ್ಲೇ ಕಲಿಯುವ ಹಿಂಸೆ

ಒಂದು ಸಾಮಾನ್ಯ ಮನೆಯನ್ನು ಊಹಿಸಿಕೊಳ್ಳೋಣ. ತಂದೆ ದುಬೈಯಲ್ಲಿ. ಮನೆಯಲ್ಲಿ ತಾಯಿ, ಅಜ್ಜಿ, ಹದಿನೈದರ ಮಗ, ಹನ್ನೊಂದರ ಮಗಳು. ರಾತ್ರಿ ಹತ್ತು ಗಂಟೆಗೆ ತಾಯಿ ಮೊಬೈಲ್ ಇಡಲು ಹೇಳುತ್ತಾಳೆ. ಮಗ ಕೇಳಿಸದಂತೆ ಇರುತ್ತಾನೆ. ತಾಯಿ ಎರಡನೆಯ ಬಾರಿ ಗಟ್ಟಿಯಾಗಿ ಹೇಳುತ್ತಾಳೆ, ಮೂರನೆಯ ಬಾರಿ ಬೈಯುತ್ತಾಳೆ. ಮಗ ತಟ್ಟೆ ನೂಕಿ, ಬಾಗಿಲು ಬಡಿದು, ಕೂಗಾಡುತ್ತಾನೆ. ಅಜ್ಜಿ "ಬಿಡು, ರಾತ್ರಿ ಹೊತ್ತು ಯಾಕೆ ಗಲಾಟೆ" ಎನ್ನುತ್ತಾಳೆ. ತಾಯಿ ಸೋತು ಒಳಗೆ ಹೋಗುತ್ತಾಳೆ. ಮನೆ ಶಾಂತವಾಗುತ್ತದೆ.

ಆ ರಾತ್ರಿ ಆ ಮನೆಯಲ್ಲಿ ಎಲ್ಲರೂ ಒಂದೊಂದು ಪಾಠ ಕಲಿತರು. ಕೂಗಾಡಿದರೆ ಎದುರಿನವರು ಹಿಂದೆ ಸರಿಯುತ್ತಾರೆ ಎಂದು ಮಗ ಕಲಿತ. ಸೋತುಬಿಟ್ಟರೆ ಗಲಾಟೆ ನಿಲ್ಲುತ್ತದೆ ಎಂದು ತಾಯಿ ಕಲಿತಳು. ಬಾಗಿಲ ಸಂದಿಯಿಂದ ನೋಡುತ್ತಿದ್ದ ತಂಗಿಯೂ ಕಲಿತಳು. ಅಮೆರಿಕದ ಒರೆಗಾನ್ ರಾಜ್ಯದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಇಂತಹ ಮನೆಗಳಲ್ಲಿ ನಡೆಯುವುದನ್ನು ಪ್ರತ್ಯಕ್ಷವಾಗಿ ಗಮನಿಸಿ, ದಾಖಲಿಸಿ, 1982ರಲ್ಲಿ ಒಂದು ಗ್ರಂಥವನ್ನೇ ಬರೆದರು. ಒತ್ತಾಯಕ್ಕೆ ಒತ್ತಾಯ, ಬೆದರಿಕೆಗೆ ಬೆದರಿಕೆ ಎಂದು ಏರುತ್ತಾ ಹೋಗುವ ಈ ಸುಳಿಯಲ್ಲಿ ಯಾರು ಹೆಚ್ಚು ಜೋರು ಮಾಡುತ್ತಾರೋ ಅವರು ಗೆಲ್ಲುತ್ತಾರೆ. ಮನೆಯಲ್ಲಿ ಈ ವಿದ್ಯೆ ಕಲಿತ ಮಗು ಅದನ್ನು ಶಾಲೆಗೆ ಒಯ್ಯುತ್ತದೆ. ಅಲ್ಲಿ ಒಳ್ಳೆಯ ಗೆಳೆಯರು ದೂರವಾಗುತ್ತಾರೆ, ಅದೇ ವಿದ್ಯೆ ಬಲ್ಲವರು ಹತ್ತಿರವಾಗುತ್ತಾರೆ. ಮುಂದಿನದು ಬೀದಿಗೆ ಬಿಟ್ಟದ್ದು.

ಹೀಗೆಂದ ಮಾತ್ರಕ್ಕೆ ತಾಯಿಯದೇ ತಪ್ಪು ಎಂದಾಗಲಿಲ್ಲ. ಬಡತನ, ಕುಡಿತ, ಗಾಂಜಾ, ದ್ವೇಷ ಭಾಷಣ, ಹುಡುಗರನ್ನು ಬಳಸಿಕೊಳ್ಳುವ ರಾಜಕೀಯ, ಇವೆಲ್ಲವೂ ಹಿಂಸೆಯ ಬೇರುಗಳೇ. ಆದರೆ ಈ ಎಲ್ಲ ಬೇರುಗಳ ನಡುವೆ ಮನೆಯ ಮಾತುಕತೆ ಎಂಬ ಒಂದು ಬೇರು ಮಾತ್ರ ನಾಲ್ಕು ತಿಂಗಳ ಪ್ರಯತ್ನದಿಂದ ಬದಲಾಗಬಲ್ಲದು. ಕುಟುಂಬ ಚಿಕಿತ್ಸೆಯ ಮೂಲ ವಿಚಾರ ಇಷ್ಟೇ.

ಯೂಟಾದಲ್ಲಿ ನಡೆದ ಪರೀಕ್ಷೆ

1970ರ ದಶಕದ ಆರಂಭದಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಜೇಮ್ಸ್ ಅಲೆಕ್ಸಾಂಡರ್ ಮತ್ತು ಬ್ರೂಸ್ ಪಾರ್ಸನ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಬಾಲ ನ್ಯಾಯಾಲಯದ ಮುಂದೆ ಬಂದ ಹದಿಹರೆಯದವರ ಕುಟುಂಬಗಳೊಂದಿಗೆ ಕೆಲಸ ಆರಂಭಿಸಿದರು. ಮನೆ ಬಿಟ್ಟು ಓಡಿಹೋದವರು, ಶಾಲೆ ತಪ್ಪಿಸಿದವರು, ಅಂಗಡಿಯಲ್ಲಿ ಕದ್ದವರು, ಹೀಗೆ ಇನ್ನೂ ದೊಡ್ಡ ಅಪರಾಧಕ್ಕೆ ಇಳಿಯದ ಮಕ್ಕಳು ಇವರು. ಇಂತಹ ಮನೆಗಳಲ್ಲಿ ಮಾತು ಸಮನಾಗಿ ಹಂಚಿಕೆಯಾಗುವುದಿಲ್ಲ ಎಂಬುದನ್ನು ಅವರು ಗಮನಿಸಿದ್ದರು. ಒಬ್ಬರೇ ಮಾತನಾಡುತ್ತಾರೆ, ಉಳಿದವರು ಮೌನ. ಹೇಳಿದ್ದು ಅರ್ಥವಾಯಿತೇ ಎಂದು ಯಾರೂ ಕೇಳುವುದಿಲ್ಲ. ಆದ್ದರಿಂದ ಅವರು ಉಪದೇಶ ಮಾಡಲು ಹೋಗಲಿಲ್ಲ. ಮನೆಯವರೆಲ್ಲ ಸರದಿಯಂತೆ ಮಾತನಾಡುವುದು, ನಿಯಮಗಳನ್ನು ಸ್ಪಷ್ಟವಾಗಿ ಗೊತ್ತುಪಡಿಸುವುದು, ಕೊಟ್ಟು ತೆಗೆದುಕೊಳ್ಳುವ ಒಪ್ಪಂದ ಮಾಡುವುದು, ಇವನ್ನು ಅಭ್ಯಾಸ ಮಾಡಿಸಿದರು.

1973ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ. ಈ ವಿಧಾನದ ನೆರವು ಪಡೆದ 46 ಕುಟುಂಬಗಳಲ್ಲಿ ಮುಂದೆ ಮತ್ತೆ ನ್ಯಾಯಾಲಯದ ಮೆಟ್ಟಿಲೇರಿದ ಮಕ್ಕಳು ಶೇಕಡಾ 26. ಯಾವ ನೆರವೂ ಸಿಗದ ಕುಟುಂಬಗಳಲ್ಲಿ ಶೇಕಡಾ 50. ಕೇವಲ ಮನಸ್ಸಿನ ಭಾವನೆ ಹೇಳಿಕೊಳ್ಳಲು ಅವಕಾಶ ಕೊಟ್ಟ ಗುಂಪಿನಲ್ಲಿ ಶೇಕಡಾ 47. ನಾಲ್ಕನೆಯ ಗುಂಪೊಂದಿತ್ತು. ಅದಕ್ಕೆ ಸಲಹೆ ನೀಡಿದ್ದು ಅಲ್ಲಿಯ ಮೊರ್ಮನ್ ಚರ್ಚ್ ನಡೆಸುತ್ತಿದ್ದ ಕುಟುಂಬ ಸಲಹಾ ಕಾರ್ಯಕ್ರಮ. ಅಲ್ಲಿ ಮತ್ತೆ ತಪ್ಪು ಮಾಡಿದವರು ಶೇಕಡಾ 73!

ಚರ್ಚಿನ ಕೆಲಸ ಮಾಡುವ ನಾವು ಈ ಅಂಕಿಯ ಮುಂದೆ ಒಂದು ಕ್ಷಣ ನಿಲ್ಲಬೇಕು. ಆ ಗುಂಪಿನಲ್ಲಿ ಇದ್ದದ್ದು ಕೇವಲ 11 ಕುಟುಂಬಗಳು. ಇಷ್ಟು ಚಿಕ್ಕ ಸಂಖ್ಯೆಯಿಂದ ದೊಡ್ಡ ತೀರ್ಮಾನಕ್ಕೆ ಬರುವುದು ನ್ಯಾಯವಲ್ಲ. ಆ ಸಭೆ ನಮ್ಮದಲ್ಲ, ನಾಡೂ ನಮ್ಮದಲ್ಲ. ಆದರೂ ಒಂದು ಮಾತು ಮಾತ್ರ ಸ್ಪಷ್ಟ: ಧರ್ಮದ ಹೆಸರು ಇದ್ದಾಕ್ಷಣ, ಒಳ್ಳೆಯ ಮನಸ್ಸು ಇದ್ದಾಕ್ಷಣ ಸಲಹೆ ಫಲ ಕೊಡುತ್ತದೆ ಎಂದು ಹೇಳಲಾಗದು. ಈ ಮಾತಿಗೆ ಮುಂದೆ ಮತ್ತೆ ಬರೋಣ.

ನಾಲ್ಕು ವರ್ಷಗಳ ಬಳಿಕ, 1977ರಲ್ಲಿ, ಅದೇ ತಂಡ ಈ ಮಕ್ಕಳ ತಮ್ಮ ತಂಗಿಯರ ವಿವರ ತೆಗೆಯಿತು. ನೆರವು ಸಿಗದ ಮನೆಗಳಲ್ಲಿ ಶೇಕಡಾ 40 ಮನೆಗಳ ಒಡಹುಟ್ಟಿದವರೂ ನ್ಯಾಯಾಲಯಕ್ಕೆ ಬಂದಿದ್ದರು. ಹೊಸ ವಿಧಾನದ ನೆರವು ಪಡೆದ ಮನೆಗಳಲ್ಲಿ ಅದು ಶೇಕಡಾ 20. ತಮ್ಮ ತಂಗಿಯರು ಚಿಕಿತ್ಸೆಗೆ ಬಂದ ಕಾರಣ ಅಣ್ಣನ ತಪ್ಪು. ಆದರೆ ಮನೆಯ ರೀತಿ ಬದಲಾದಾಗ ಬಾಗಿಲ ಸಂದಿಯಿಂದ ನೋಡುತ್ತಿದ್ದ ತಂಗಿಯ ದಾರಿಯೂ ಬದಲಾಯಿತು.

ಚಿಕಿತ್ಸೆ ನಡೆಯುವುದು ಹೇಗೆ?

ಯೂಟಾದಲ್ಲಿ ಹುಟ್ಟಿದ ವಿಧಾನಕ್ಕೆ ಫಂಕ್ಷನಲ್ ಫ್ಯಾಮಿಲಿ ಥೆರಪಿ ಎಂದು ಹೆಸರು. ಸಾಮಾನ್ಯವಾಗಿ 11ರಿಂದ 18 ವರ್ಷದ ಮಕ್ಕಳಿರುವ ಕುಟುಂಬಗಳಿಗೆ ಮೂರರಿಂದ ಐದು ತಿಂಗಳ ಅವಧಿಯಲ್ಲಿ ಹನ್ನೆರಡು ಹದಿನಾಲ್ಕು ಬಾರಿ ಭೇಟಿ. ಮೊದಲ ಕೆಲವು ಭೇಟಿಗಳಲ್ಲಿ ಚಿಕಿತ್ಸಕರು ಯಾರನ್ನೂ ತಿದ್ದಲು ಹೋಗುವುದಿಲ್ಲ. ಮನೆಯೊಳಗಿನ ದೂಷಣೆಯ ಬಿಸಿಯನ್ನು ಇಳಿಸುವುದೇ ಆಗಿನ ಕೆಲಸ. "ಇವನಿಂದ ನಮ್ಮ ಮಾನ ಹೋಯಿತು" ಎಂದು ತಂದೆ ಹೇಳಿದರೆ, ಆ ಸಿಟ್ಟಿನ ಅಡಿಯಲ್ಲಿ ಮಗನನ್ನು ಕಳೆದುಕೊಳ್ಳುವ ಭಯ ಇದೆ ಎಂಬುದನ್ನು ಚಿಕಿತ್ಸಕರು ಎಲ್ಲರ ಮುಂದೆ ಮಾತಿಗೆ ತರುತ್ತಾರೆ. ಅದನ್ನು ಕೇಳಿದ ಮಗ ಮೊದಲ ಬಾರಿಗೆ ತಲೆ ಎತ್ತಿ ತಂದೆಯ ಮುಖ ನೋಡಬಹುದು. ಇಷ್ಟಾದ ಬಳಿಕವೇ ಹೊಸ ಅಭ್ಯಾಸಗಳ ಕಲಿಕೆ. ಕೊನೆಯ ಹಂತದಲ್ಲಿ ಶಾಲೆ, ನೆರೆಹೊರೆ, ಬಂಧುಗಳೊಡನೆ ಸಂಬಂಧ ಸರಿಪಡಿಸಿ, ಚಿಕಿತ್ಸಕರು ಇಲ್ಲದೆಯೂ ಮನೆ ನಡೆಯುವಂತೆ ಮಾಡುತ್ತಾರೆ.

ಇನ್ನೊಂದು ವಿಧಾನ ಮಲ್ಟಿಸಿಸ್ಟೆಮಿಕ್ ಥೆರಪಿ. ಸ್ಕಾಟ್ ಹೆಂಗೆಲರ್ ಮತ್ತು ಅವರ ಸಂಗಡಿಗರು ರೂಪಿಸಿದ್ದು. ಈಗಾಗಲೇ ಗಂಭೀರ ತಪ್ಪು ಮಾಡಿ ಸಿಕ್ಕಿಬಿದ್ದ, ಮನೆಯಿಂದ ಹೊರಗೆ ಕಳುಹಿಸಲ್ಪಡುವ ಹಂತದಲ್ಲಿರುವ ಮಕ್ಕಳಿಗಾಗಿ ಇದು. ಒಬ್ಬ ಚಿಕಿತ್ಸಕರ ಕೈಯಲ್ಲಿ ಏಕಕಾಲಕ್ಕೆ ನಾಲ್ಕರಿಂದ ಆರು ಕುಟುಂಬ ಮಾತ್ರ. ಭೇಟಿ ನಡೆಯುವುದು ಮನೆಯಲ್ಲೇ, ಮನೆಯವರಿಗೆ ಅನುಕೂಲವಾದ ಹೊತ್ತಿನಲ್ಲಿ. ರಾತ್ರಿ ಎರಡು ಗಂಟೆಗೆ ಜಗಳ ಎದ್ದರೂ ಫೋನ್ ಮಾಡಿದರೆ ತಂಡದ ಒಬ್ಬರು ಮಾತನಾಡುತ್ತಾರೆ. ಮಗ ಎಲ್ಲಿದ್ದಾನೆ, ಯಾರೊಡನೆ ಇದ್ದಾನೆ ಎಂದು ತಿಳಿಯುವ ಶಕ್ತಿಯನ್ನು ಹೆತ್ತವರಿಗೆ ಮರಳಿ ಕೊಡುವುದು, ಶಾಲೆಯೊಡನೆ ಮುರಿದ ಸಂಬಂಧ ಕಟ್ಟುವುದು, ಕೆಟ್ಟ ಸಹವಾಸದಿಂದ ಬಿಡಿಸಿ ಕ್ರೀಡೆ, ಕೆಲಸಗಳತ್ತ ತಿರುಗಿಸುವುದು ಇದರ ದಾರಿ.

ಅಂಕಿಅಂಶಗಳು ಹೇಳುವುದೇನು?

ಅಮೆರಿಕದ ಮಿಸ್ಸೌರಿ ರಾಜ್ಯದಲ್ಲಿ ಚಾರ್ಲ್ಸ್ ಬೋರ್ಡ್ವಿನ್ ಮತ್ತು ಸಂಗಡಿಗರು 176 ಬಾಲಾಪರಾಧಿಗಳನ್ನು ಎರಡು ಪಾಲು ಮಾಡಿ ಪರೀಕ್ಷಿಸಿದರು. ಒಂದು ಪಾಲಿಗೆ ಮಲ್ಟಿಸಿಸ್ಟೆಮಿಕ್ ಥೆರಪಿ, ಇನ್ನೊಂದು ಪಾಲಿಗೆ ಹುಡುಗನನ್ನು ಒಬ್ಬನನ್ನೇ ಕೂರಿಸಿ ಸಮಾಲೋಚನೆ. 1995ರಲ್ಲಿ ಮೊದಲ ವರದಿ ಬಂತು. ಬಳಿಕ 22 ವರ್ಷಗಳಷ್ಟು ದೀರ್ಘಕಾಲ ಆ ಮಕ್ಕಳನ್ನು ಹಿಂಬಾಲಿಸಿ ನೋಡಿದರು. 2011ರ ವರದಿಯ ಪ್ರಕಾರ, ಮುಂದೆ ಗಂಭೀರ ಹಿಂಸಾ ಅಪರಾಧಕ್ಕಾಗಿ ಬಂಧನಕ್ಕೆ ಒಳಗಾದವರು ಕುಟುಂಬದೊಂದಿಗೆ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 4.3, ಒಂಟಿಯಾಗಿ ಸಮಾಲೋಚನೆ ಪಡೆದವರಲ್ಲಿ ಶೇಕಡಾ 15.5. ಹದಿನಾಲ್ಕರ ಪ್ರಾಯದಲ್ಲಿ ಮನೆಗೆ ಕೊಟ್ಟ ಕೆಲವು ತಿಂಗಳ ನೆರವಿನ ಫಲ ಮೂವತ್ತೈದು ದಾಟಿದ ಮೇಲೂ ಕಾಣಿಸಿತು.

ಇಲ್ಲಿಗೆ ನಿಲ್ಲಿಸಿದರೆ ಇದು ಜಾಹೀರಾತು ಆದೀತು. ಇಂಗ್ಲೆಂಡಿನಲ್ಲಿ 684 ಕುಟುಂಬಗಳನ್ನು ಒಳಗೊಂಡ ಬಹುದೊಡ್ಡ ಪರೀಕ್ಷೆ ನಡೆಯಿತು. 2018ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂದ ಅದರ ಫಲಿತಾಂಶ ಬೇರೆಯೇ ಆಗಿತ್ತು. ಹದಿನೆಂಟು ತಿಂಗಳ ಬಳಿಕ ಮನೆಯಿಂದ ಹೊರಗೆ ಇರಿಸಬೇಕಾಗಿ ಬಂದ ಮಕ್ಕಳು ಮಲ್ಟಿಸಿಸ್ಟೆಮಿಕ್ ಥೆರಪಿ ಪಡೆದವರಲ್ಲಿ ಶೇಕಡಾ 13, ಅಲ್ಲಿಯ ಮಾಮೂಲಿ ಸೇವೆ ಪಡೆದವರಲ್ಲಿ ಶೇಕಡಾ 11. ಹೇಳಿಕೊಳ್ಳುವಂಥ ಮೇಲುಗೈ ಹೊಸ ವಿಧಾನಕ್ಕೆ ಸಿಗಲಿಲ್ಲ. ಇಂಗ್ಲೆಂಡಿನ ಮಾಮೂಲಿ ಸೇವೆಯೆಂದರೆ ಸಮಾಜ ಕಾರ್ಯಕರ್ತರು, ಬಾಲಾಪರಾಧ ತಡೆ ತಂಡಗಳು, ಮಾನಸಿಕ ಆರೋಗ್ಯ ಕೇಂದ್ರಗಳು. ಏನೂ ಇಲ್ಲದ ಕಡೆ ಇದು ಎಷ್ಟು ಕೆಲಸ ಮಾಡುತ್ತದೆ ಎಂಬ ಪ್ರಶ್ನೆಗೆ ಆ ಪರೀಕ್ಷೆ ಉತ್ತರಿಸುವುದಿಲ್ಲ. ಆದರೆ ಮಂತ್ರದಂಡ ಯಾರ ಕೈಯಲ್ಲೂ ಇಲ್ಲ ಎಂಬುದನ್ನಂತೂ ತಿಳಿಸುತ್ತದೆ.

ಫಿಲಡೆಲ್ಫಿಯಾ ನಗರದಲ್ಲಿ ಬೀದಿ ಗ್ಯಾಂಗುಗಳ ಸೆಳೆತಕ್ಕೆ ಸಿಲುಕಬಹುದಾದ 129 ಹುಡುಗರೊಡನೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ವಿಷಯ ತೋರಿಸಿತು. ನಿಜವಾಗಿಯೂ ಹೆಚ್ಚಿನ ಅಪಾಯದಲ್ಲಿದ್ದ ಹುಡುಗರಿಗೆ ಕುಟುಂಬ ಚಿಕಿತ್ಸೆಯಿಂದ ಪ್ರಯೋಜನವಾಯಿತು. ಅಷ್ಟು ಅಪಾಯ ಇಲ್ಲದವರಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ. ಕೂದಲು ಉದ್ದ ಬಿಟ್ಟ, ಬೈಕ್ ಜೋರಾಗಿ ಓಡಿಸುವ, ಭಾನುವಾರದ ಪೂಜೆಗೆ ತಡವಾಗಿ ಬರುವ ಪ್ರತಿಯೊಬ್ಬ ಹುಡುಗನ ಹಣೆಗೆ "ಅಪಾಯ" ಎಂಬ ಚೀಟಿ ಅಂಟಿಸುವ ಅಗತ್ಯ ಇಲ್ಲ ಎಂದು ಇದರಿಂದ ನಾವು ತಿಳಿಯಬೇಕು.

ಸದಿಚ್ಛೆ ಒಂದೇ ಸಾಲದು

ಈಗ ಎಚ್ಚರಿಕೆಯ ಪಾಠ. ಅಮೆರಿಕದ ವಾಷಿಂಗ್ಟನ್ ರಾಜ್ಯ 1997ರಲ್ಲಿ ಕಾನೂನು ಮಾಡಿ, ಪರೀಕ್ಷೆಯಲ್ಲಿ ಗೆದ್ದ ವಿಧಾನಗಳನ್ನೇ ಬಾಲ ನ್ಯಾಯಾಲಯಗಳಲ್ಲಿ ಬಳಸಲು ಹಣ ಒದಗಿಸಿತು. ಯೂಟಾದ ವಿಧಾನವೂ ಅದರಲ್ಲಿ ಒಂದು. 2004ರಲ್ಲಿ ರಾಜ್ಯದ ನೀತಿ ಅಧ್ಯಯನ ಸಂಸ್ಥೆ ಲೆಕ್ಕ ತೆಗೆಯಿತು. ವಿಧಾನವನ್ನು ಸರಿಯಾಗಿ ಪಾಲಿಸಿದ ಚಿಕಿತ್ಸಕರ ಬಳಿ ಹೋದ ಮಕ್ಕಳಲ್ಲಿ ಮತ್ತೆ ಗಂಭೀರ ಅಪರಾಧ ಮಾಡುವ ಪ್ರಮಾಣ ಶೇಕಡಾ 38ರಷ್ಟು ಇಳಿದಿತ್ತು. ಸರಿಯಾಗಿ ಪಾಲಿಸದ ಚಿಕಿತ್ಸಕರ ಬಳಿ ಹೋದ ಮಕ್ಕಳ ಗತಿ, ಚಿಕಿತ್ಸೆಯೇ ಸಿಗದ ಮಕ್ಕಳಿಗಿಂತ ಕೆಟ್ಟದಾಗಿತ್ತು.

ಇದನ್ನು ಎರಡು ಸಲ ಓದಬೇಕು. ಅದೇ ಪುಸ್ತಕ, ಅದೇ ತರಬೇತಿಯ ಪ್ರಮಾಣಪತ್ರ, ಅದೇ ಹೆಸರು. ಅರೆಬರೆ ಮಾಡಿದಾಗ ಉಪಕಾರ ಕಡಿಮೆಯಾದದ್ದು ಮಾತ್ರವಲ್ಲ, ಅಪಕಾರವೇ ಆಯಿತು. ಗಾಯವನ್ನು ಬಿಚ್ಚಿ ಹೊಲಿಯದೆ ಬಿಟ್ಟಂತೆ. ಮನೆಯವರನ್ನೆಲ್ಲ ಒಂದೆಡೆ ಕೂರಿಸಿ, ವರ್ಷಗಳ ಸಿಟ್ಟನ್ನು ಹೊರಗೆ ತೆಗೆಸಿ, ಅದನ್ನು ನಿಭಾಯಿಸಲು ಬಾರದೆ "ದೇವರು ಒಳ್ಳೆಯದು ಮಾಡಲಿ" ಎಂದು ಎದ್ದು ಬಂದರೆ ಆ ರಾತ್ರಿ ಆ ಮನೆಯಲ್ಲಿ ಏನಾಗಬಹುದು? ಎರಡು ದಿನದ ಶಿಬಿರದಲ್ಲಿ ಪಾಲ್ಗೊಂಡು ಕೌನ್ಸೆಲರ್ ಎಂಬ ಹೆಸರು ಹಾಕಿಕೊಳ್ಳುವ ರೂಢಿ ನಮ್ಮ ವಲಯದಲ್ಲೂ ಹೆಚ್ಚುತ್ತಿದೆ. ಗುರುಮಠದಲ್ಲಿ ಕಲಿಸುವ ದೇವಶಾಸ್ತ್ರ, ತತ್ತ್ವಶಾಸ್ತ್ರಗಳು ಗುರುವನ್ನು ಒಳ್ಳೆಯ ಕುರುಬನನ್ನಾಗಿ ರೂಪಿಸಬಹುದು. ಕುಟುಂಬ ಚಿಕಿತ್ಸಕನನ್ನಾಗಿ ಅಲ್ಲ. ಎರಡನ್ನೂ ಒಂದೆಂದು ತಿಳಿಯುವುದು ಹುಡುಗನಿಗೆ ಮಾಡುವ ಅನ್ಯಾಯ.

ಹೆದರಿಸುವುದು, ದೂರ ಕಳುಹಿಸುವುದು

ನಮ್ಮಲ್ಲಿ ಬಳಕೆಯಲ್ಲಿರುವ ಎರಡು ಮದ್ದುಗಳನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಮೊದಲನೆಯದು ಹೆದರಿಸುವುದು. "ಠಾಣೆಗೆ ಕರೆದುಕೊಂಡು ಹೋಗಿ ಎರಡು ಬಿಗಿಸಿದರೆ ಸರಿಯಾಗುತ್ತಾನೆ" ಎಂಬ ಮಾತು ನಮ್ಮ ವಾರ್ಡಿನ ಸಭೆಗಳಲ್ಲೂ ಕೇಳಿಬರುತ್ತದೆ. ಅಮೆರಿಕದ ನ್ಯೂಜೆರ್ಸಿಯ ರಾವೇ ಜೈಲಿನಲ್ಲಿ 1970ರ ದಶಕದಲ್ಲಿ ಇದನ್ನೇ ವ್ಯವಸ್ಥಿತವಾಗಿ ಮಾಡಿದರು. ಹದಿಹರೆಯದವರನ್ನು ಜೈಲಿಗೆ ಕರೆದೊಯ್ದು ಜೀವಾವಧಿ ಕೈದಿಗಳಿಂದ ಬೆದರಿಸಿದರು. ಅದರ ಬಗ್ಗೆ 1978ರಲ್ಲಿ ಬಂದ 'ಸ್ಕೇರ್ಡ್ ಸ್ಟ್ರೇಟ್' ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಪ್ರಶಸ್ತಿಯೂ ಬಂತು. ಮುಂದೆ ಇಂತಹ ಕಾರ್ಯಕ್ರಮಗಳ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಜೈಲಿಗೆ ಹೋಗಿ ಹೆದರಿ ಬಂದ ಮಕ್ಕಳು ಹೋಗದ ಮಕ್ಕಳಿಗಿಂತ ಹೆಚ್ಚು ಅಪರಾಧ ಮಾಡಿದ್ದು ಕಂಡುಬಂತು.

ಎರಡನೆಯದು ದೂರದ ಬೋರ್ಡಿಂಗಿಗೆ, ಇಲ್ಲವೇ ಮುಂಬಯಿಯ ಚಿಕ್ಕಪ್ಪನ ಮನೆಗೆ ಕಳುಹಿಸುವುದು. ಕೆಲವೊಮ್ಮೆ ಇದು ಅನಿವಾರ್ಯ. ಕೆಲವು ಮಕ್ಕಳಿಗೆ ಒಳ್ಳೆಯ ಬೋರ್ಡಿಂಗ್ ನಿಜವಾದ ಆಶ್ರಯ. ಆದರೆ ಹುಡುಗ ಎಲ್ಲಿಗೆ ಹೋದರೂ ರಜೆಗೆ ಮರಳುವುದು ಅದೇ ಮನೆಗೆ. ಮನೆ ಬದಲಾಗದಿದ್ದರೆ ಮೊದಲ ರಾತ್ರಿಯೇ ಹಳೆಯ ಸುಳಿ ತಿರುಗಲು ಆರಂಭಿಸುತ್ತದೆ.

ಸಂತ ಜಾನ್ ಬೋಸ್ಕೊ ಅವರ ಜೀವನದಲ್ಲಿ ನಮಗೆ ಬೆಳಕಿದೆ. 1841ರಲ್ಲಿ ಗುರುದೀಕ್ಷೆ ಪಡೆದ ಅವರು ಟ್ಯೂರಿನ್ ನಗರದ ಜೈಲುಗಳಲ್ಲಿ ಹದಿಹರೆಯದ ಕೈದಿಗಳನ್ನು ಕಂಡು ಮರುಗಿದರು. ಶಿಕ್ಷೆಯಿಂದ ಹೆದರಿಸುವ ಬದಲು ವಿವೇಕ, ಧರ್ಮ, ಅಕ್ಕರೆ ಎಂಬ ಮೂರು ಕಂಬಗಳ ಮೇಲೆ ತಮ್ಮ ಶಿಕ್ಷಣ ಕ್ರಮವನ್ನು ಕಟ್ಟಿದರು. 1846ರಲ್ಲಿ ಅವರು ಮಾಡಿದ ಒಂದು ಕೆಲಸವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಹಳ್ಳಿಯಲ್ಲಿದ್ದ ತಮ್ಮ ತಾಯಿ ಮಾರ್ಗರೀಟಾಳನ್ನು ವಾಲ್ದೊಕ್ಕೊಗೆ ಕರೆತಂದರು. ಮನೆಯಿಲ್ಲದ ಹುಡುಗರಿಗೆ ಮೊದಲು ಬೇಕಾದದ್ದು ಒಂದು ಮನೆ ಎಂದು ಅವರು ಅರಿತಿದ್ದರು.

ನಮ್ಮ ನಾಡಿನ ಅನುಭವ

ಮನೆಯವರನ್ನು ಚಿಕಿತ್ಸೆಯಲ್ಲಿ ಸೇರಿಸುವುದು ಪರದೇಶದ ಸರಕು ಎಂದು ಯಾರೂ ತಿಳಿಯಬೇಕಾಗಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳು ತಂಗಲು ಆಸ್ಪತ್ರೆಯ ಆವರಣದಲ್ಲೇ ಡೇರೆಗಳನ್ನು ಹಾಕಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮಂಗಳೂರಿನಲ್ಲಿ ಫಾದರ್ ಮುಲ್ಲರ್ ಆಸ್ಪತ್ರೆಯ ಮನೋರೋಗ ವಿಭಾಗವಿದೆ, ಸಮಾಜ ಕಾರ್ಯದ ಶಿಕ್ಷಣ ನೀಡುವ ರೋಶನಿ ನಿಲಯವಿದೆ. ತಿಳಿದವರು ನಮ್ಮ ನಡುವೆಯೇ ಇದ್ದಾರೆ.

ನಮ್ಮ ಕಾನೂನು ಕೂಡ ಬಾಗಿಲು ತೆರೆದಿಟ್ಟಿದೆ. 2012ರ ದೆಹಲಿ ಪ್ರಕರಣದ ಬಳಿಕ ಬಂದ 2015ರ ಬಾಲ ನ್ಯಾಯ ಕಾಯಿದೆಯ ಬಗ್ಗೆ ಮಾತನಾಡುವಾಗ, 16ರಿಂದ 18ರ ವಯಸ್ಸಿನವರನ್ನು ಘೋರ ಅಪರಾಧಗಳಲ್ಲಿ ವಯಸ್ಕರಂತೆ ವಿಚಾರಣೆಗೆ ಒಳಪಡಿಸುವ ಅವಕಾಶವನ್ನಷ್ಟೇ ನಾವು ನೆನಪಿಡುತ್ತೇವೆ. ಅದೇ ಕಾಯಿದೆಯ 18ನೇ ಕಲಮು, ಮಗುವಿಗೂ ಹೆತ್ತವರಿಗೂ ಸಮಾಲೋಚನೆ ನೀಡಿ ಮನೆಗೆ ಕಳುಹಿಸುವ ಅಧಿಕಾರವನ್ನು ಬಾಲ ನ್ಯಾಯ ಮಂಡಳಿಗೆ ಕೊಟ್ಟಿದೆ. ಅಕ್ಷರ ಇದೆ. ಅದನ್ನು ಜೀವಂತಗೊಳಿಸಲು ತರಬೇತಿ ಪಡೆದ ಕೈಗಳು ಬೇಕು. ಇಲ್ಲವಾದರೆ ಸಮಾಲೋಚನೆ ಎಂಬುದು ಹತ್ತು ನಿಮಿಷದ ಬೈಗುಳ ಆಗಿಬಿಡುತ್ತದೆ.

ಧರ್ಮಕೇಂದ್ರ ಮಾಡಬಹುದಾದದ್ದು

ಹಾಗಾದರೆ ಚಿಕಿತ್ಸಕರಲ್ಲದ ನಾವು ಕೈಕಟ್ಟಿ ಕುಳಿತುಕೊಳ್ಳಬೇಕೇ? ಇಲ್ಲ. ಬೇರೆ ಯಾರಿಗೂ ಇಲ್ಲದ ಒಂದು ಸೌಲಭ್ಯ ನಮಗಿದೆ. ನಾವು ಕರೆಯದೆಯೇ ಮನೆಗೆ ಹೋಗಬಹುದು. ಮನೆ ಆಶೀರ್ವಾದಕ್ಕೆ, ರೋಗಿಗಳ ಭೇಟಿಗೆ, ಕಿರು ಕ್ರೈಸ್ತ ಸಮುದಾಯದ ಕೂಟಕ್ಕೆ ಹೋಗುವ ಗುರುಗಳು, ಧರ್ಮಭಗಿನಿಯರು, ಗುರಿಕಾರರು, ವಿನ್ಸೆಂಟ್ ಡಿ ಪಾವ್ಲ್ ಸಭೆಯ ಸದಸ್ಯರು ಯಾವ ಆಸ್ಪತ್ರೆಯ ವೈದ್ಯರಿಗೂ ಕಾಣದ್ದನ್ನು ಕಾಣುತ್ತಾರೆ. ಮುರಿದ ಬಾಗಿಲು, ಮಾತನಾಡದ ತಾಯಿ, ಅತಿಥಿ ಬಂದಾಗ ಹಿಂಬಾಗಿಲಿನಿಂದ ಹೊರಟುಹೋಗುವ ಮಗ. ಅಂತಹ ಮನೆಯನ್ನು ಬೇಗ ಗುರುತಿಸಿ, ಸರಿಯಾದವರ ಬಳಿಗೆ ಕರೆದೊಯ್ಯುವುದು ನಮ್ಮ ಪಾಲಿನ ಕೆಲಸ. ಈ ಕುರಿತು ಕೆಲವು ಸಲಹೆಗಳು:

ಮೊದಲನೆಯದಾಗಿ, ದೂಷಣೆ ನಿಲ್ಲಿಸೋಣ. "ನಿಮ್ಮ ಮಗನನ್ನು ನೀವು ಸರಿಯಾಗಿ ಬೆಳೆಸಲಿಲ್ಲ" ಎಂಬ ಮಾತು ಆ ಮನೆಯ ಬಾಗಿಲನ್ನು ನಮಗೆ ಶಾಶ್ವತವಾಗಿ ಮುಚ್ಚುತ್ತದೆ. "ನಿಮಗೆ ತುಂಬಾ ಕಷ್ಟವಾಗುತ್ತಿರಬೇಕಲ್ಲವೇ" ಎಂಬ ಮಾತು ತೆರೆಯುತ್ತದೆ.

ಎರಡನೆಯದಾಗಿ, ಪ್ರತಿ ವಲಯದಲ್ಲಿ ಒಬ್ಬಿಬ್ಬರನ್ನಾದರೂ ಆರಿಸಿ ಪೂರ್ಣ ಪ್ರಮಾಣದ ಶಿಕ್ಷಣಕ್ಕೆ ಕಳುಹಿಸೋಣ. ನಂತರವೂ ಅನುಭವಿಗಳು ಅವರ ಕೆಲಸವನ್ನು ನಿಯಮಿತವಾಗಿ ಪರಿಶೀಲಿಸುವ ವ್ಯವಸ್ಥೆ ಇರಲಿ. ಸಭಾಭವನದ ಸುಣ್ಣಬಣ್ಣಕ್ಕೆ, ಹಬ್ಬದ ದೀಪಾಲಂಕಾರಕ್ಕೆ ಹಣ ಹೊಂದಿಸುವ ನಮ್ಮ ಪಾಲನಾ ಪರಿಷತ್ತುಗಳಿಗೆ ಇದು ದೊಡ್ಡ ಹೊರೆಯಾಗದು.

ಮೂರನೆಯದಾಗಿ, ಪರದೇಶದಲ್ಲಿರುವ ತಂದೆಯನ್ನು ಮರೆಯದಿರೋಣ. ತಿಂಗಳ ಹಣ ಕಳುಹಿಸುವವನು, ಊರಿಗೆ ಬಂದಾಗ ಶಿಕ್ಷೆ ಕೊಡುವವನು ಎಂಬ ಎರಡು ಪಾತ್ರಗಳಿಗೆ ಆತನನ್ನು ನಾವು ಸೀಮಿತಗೊಳಿಸಿದ್ದೇವೆ. ವಾರಕ್ಕೊಮ್ಮೆ ವಿಡಿಯೊ ಕರೆಯ ಮೂಲಕವಾದರೂ ಮನೆಯ ನಿಯಮಗಳ ಮಾತುಕತೆಯಲ್ಲಿ ಆತ ಭಾಗಿಯಾಗಲಿ.

ನಾಲ್ಕನೆಯದಾಗಿ, ಗುಟ್ಟು ಕಾಪಾಡೋಣ. ಒಂದು ಮನೆಯ ಕಷ್ಟ ಪೂಜೆ ಮುಗಿದ ಮೇಲಿನ ಅಂಗಳದ ಮಾತಾಗಿ, ವಾರ್ಡಿನ ವಾಟ್ಸಾಪ್ ಸಂದೇಶವಾಗಿ ಹರಡಿದರೆ ಮುಂದೆ ಯಾವ ಮನೆಯೂ ನಮ್ಮನ್ನು ನಂಬುವುದಿಲ್ಲ.

ಐದನೆಯದಾಗಿ, ಕುಟುಂಬ ಚಿಕಿತ್ಸೆ ಅಪರಾಧವನ್ನು ಮುಚ್ಚುವ ಪರದೆ ಆಗಬಾರದು. ಮನೆಯಲ್ಲಿ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ 2012ರ ಪೋಕ್ಸೊ ಕಾಯಿದೆಯಂತೆ ವರದಿ ಮಾಡುವುದು ಕಡ್ಡಾಯ. ಹೊಡೆಯುವವನನ್ನೂ ಹೊಡೆಸಿಕೊಳ್ಳುವವಳನ್ನೂ ಒಟ್ಟಿಗೆ ಕೂರಿಸಿ ರಾಜಿ ಮಾಡಿಸುವುದಕ್ಕಿಂತ ಮೊದಲು ಆಕೆಯ ಸುರಕ್ಷೆ ನೋಡಬೇಕು. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿಮಾನಸ್ 14416. ಈ ಎರಡು ಸಂಖ್ಯೆಗಳನ್ನು ಪ್ರತಿ ಚರ್ಚಿನ ಸೂಚನಾ ಫಲಕದಲ್ಲಿ ಹಾಕಲು ಯಾರ ಅನುಮತಿಯೂ ಬೇಕಿಲ್ಲ.

ತಂದೆ ಎರಡು ಬಾರಿ ಹೊರಗೆ ಬಂದ

2016ರ 'ಅಮೋರಿಸ್ ಲೆತೀಸಿಯಾ' ಪ್ರೇಷಿತ ಪ್ರಬೋಧನೆಯ ಏಳನೆಯ ಅಧ್ಯಾಯದಲ್ಲಿ ದಿವಂಗತ ಜಗದ್ಗುರು ಫ್ರಾನ್ಸಿಸರು ಮಕ್ಕಳ ಶಿಕ್ಷಣದ ಬಗ್ಗೆ ಬರೆದಿದ್ದಾರೆ. ಮಗು ಎಲ್ಲಿದೆ ಎಂದು ಸದಾ ಕಾವಲು ಕಾಯುವುದರಿಂದ ಶಿಕ್ಷಣ ಆಗದು, ಮಗುವಿನ ಮನಸ್ಸು ಎಲ್ಲಿದೆ ಎಂದು ತಿಳಿಯುವ ಪ್ರಯತ್ನ ಬೇಕು ಎಂಬುದು ಅಲ್ಲಿಯ ಆಶಯ. ಚಿಕಿತ್ಸಕರು ಐವತ್ತು ವರ್ಷಗಳ ಪರೀಕ್ಷೆಯಿಂದ ಕಂಡುಕೊಂಡ ಮಾತಿಗೂ ಇದಕ್ಕೂ ಹೆಚ್ಚಿನ ದೂರವಿಲ್ಲ.

ಸಂತ ಲೂಕನ ಶುಭಸಂದೇಶದ ದುಂದುಗಾರ ಮಗನ ಸಾಮತಿಯನ್ನು ನಾವು ಪ್ರತಿ ತಪಸ್ಸು ಕಾಲದಲ್ಲಿ ಕೇಳುತ್ತೇವೆ. ಮರಳಿ ಬರುತ್ತಿದ್ದ ಕಿರಿಯ ಮಗನನ್ನು ಕಂಡು ತಂದೆ ಓಡಿಬಂದದ್ದು ಎಲ್ಲರಿಗೂ ನೆನಪಿದೆ. ಆದರೆ ಅದೇ ದಿನ ತಂದೆ ಇನ್ನೊಂದು ಬಾರಿಯೂ ಮನೆಯಿಂದ ಹೊರಗೆ ಬರುತ್ತಾನೆ. ಸಿಟ್ಟಿನಿಂದ ಒಳಗೆ ಬಾರದೆ ಹೊರಗೆ ನಿಂತ ಹಿರಿಯ ಮಗನನ್ನು ಬೇಡಿಕೊಳ್ಳಲು. ಕಿರಿಯವನೊಬ್ಬ ತಿದ್ದಿಕೊಂಡರೆ ಆ ಮನೆ ಸರಿಹೋಗುವುದಿಲ್ಲ ಎಂದು ತಂದೆಗೆ ಗೊತ್ತಿತ್ತು. ಹಿರಿಯವನು ಒಳಗೆ ಹೋದನೇ ಇಲ್ಲವೇ ಎಂದು ಪ್ರಭು ಹೇಳಲಿಲ್ಲ.

ನಮ್ಮ ಧರ್ಮಕೇಂದ್ರದ ಯಾವುದಾದರೊಂದು ಮನೆಯಲ್ಲಿ ಇಂದು ರಾತ್ರಿಯೂ ಒಂದು ತಟ್ಟೆ ನೂಕಲ್ಪಡುತ್ತದೆ, ಒಂದು ಬಾಗಿಲು ಬಡಿಯಲ್ಪಡುತ್ತದೆ. ಆ ಹುಡುಗನ ಹೆಸರು ಪತ್ರಿಕೆಯಲ್ಲಿ ಬರಲು ಇನ್ನೂ ನಾಲ್ಕೈದು ವರ್ಷಗಳ ಸಮಯವಿದೆ. ಆ ಸಮಯ ನಮ್ಮದು. ಸರಿಯಾಗಿ ಕಲಿತವರನ್ನು ಜೊತೆಗೆ ಕರೆದುಕೊಂಡು, ಯಾರ ಮೇಲೂ ತಪ್ಪು ಹೊರಿಸದೆ, ಆ ಬಾಗಿಲನ್ನು ತಟ್ಟಲು ಮುಂದಾಗೋಣ.